ಮಾಸೂರಿನ ಹುಡುಗಿ ಬಡಿದ ಮೊದಲನೇ ರೊಟ್ಟಿ

ಸುಳ್ಳು ಹೇಳಿದ್ರ ನನ್ನ ನಾಲಿಗಿ ಉಪ್ಪಿನ ರುಚಿ ಮರೀಲಿ, ಇದು ಖರೇನ ನಡದದ್ದು. ಆಗ ಹಿರೇಕೆರೂರಿಂದ ಸವಣೂರ ತನಕ ಮದುವಿ ಅಡಿಗಿಗೆ ನನ್ನಂಥಾಂವ ಇನ್ನೊಬ್ಬ ಇರ್ಲಿಲ್ಲ. ಶಿಗ್ಗಾವಿಯೊಳಗ ಒಂದು ಮದುವಿ ಮುಗಿಸಿ, ಅಕ್ಕಿಆಲೂರಿನ ಇನ್ನೊಂದು ಮದುವಿಗೆ ಬಸ್ ಹಿಡಿಯಾಕ ಹೊಂಟಿದ್ದೆ. ಆ ಮನಿ ಹೊಸ ಸೊಸಿ ಒಲಿ ಮುಂದ ಕುಂತು ಅಳಾಕತ್ತಿದ್ಲು. ಮಾಸೂರಿನ ಹುಡುಗಿ, ಅನ್ನ ಉಂಡು ಬೆಳದಾಕಿ. ಅವತ್ತ ಆಕಿ ಕೈಯಾನ ಜ್ವಾಳದ ರೊಟ್ಟಿ ಹಿರ್ಯಾರಿಗೆ ಬಡಿಸಬೇಕಿತ್ತು. ಬಡಿದಂಗ ಬಡಿದಂಗ ರೊಟ್ಟಿ ಹರೀತಿತ್ತು.

"ಕಾಕಾ, ಇದು ನನ್ನ ಮಾತ ಕೇಳವಲ್ದು."

"ತಣ್ಣೀರಾಗ ಕಲಸಿದ್ರ ಹೆಂಗ ಕೇಳ್ತೈತಿ? ಜ್ವಾಳಕ್ಕ ಜಿಗಿ ಇರೂದಿಲ್ಲವ್ವಾ. ಕುದಿಯೂ ನೀರು ಹಾಕು, ಬಿಸಿ ಇದ್ದಾಗನ ನಾದು" ಅಂದು ಚೀಲ ಇಳಿಸಿ ಕುಂತೆ.

ನೋಡಿದ್ರ ಆಕಿ ಅತ್ತಿ ಬಾಗಿಲಾಗ ನಿಂತಾಳ. ಹುಡುಗಿ ಹೆದರಿ ಕೈ ಎಳಕೊಂಡ್ಲು.

"ನಾದ ತಂಗಿ, ನಿಲ್ಲಿಸಬ್ಯಾಡ. ನಾನೂ ಅನ್ನ ಉಣ್ಣೂ ಹಾನಗಲ್ ಕಡಿಯಿಂದ ಬಂದಾಕಿ. ನನಗ ಹೇಳಿಕೊಡಾವ್ರ ಇರ್ಲಿಲ್ಲ" ಅಂದು ಅತ್ತಿ ಹಂಚಿನ ಕೆಳಗ ಕಟಿಗಿ ಸರಿಸಿದ್ಲು.

ರೊಟ್ಟಿ ಪುಗ್ಗಾದಂಗ ಉಬ್ಬಿತು. ಹಿರ್ಯಾರು ಕಾಯಾಕತ್ತಿದ್ರೂ ಅತ್ತಿ ಅದನ್ನ ನನ್ನ ತಾಟಿಗೆ ಹಾಕಿ, "ಮೊದಲನೇದು ಕಲಿಸಿದವ್ರಿಗೆ. ತಿಂದ ಹೋಗ್ರಿ" ಅಂದ್ಲು.

ಅಂಥಾ ರೊಟ್ಟಿ ಬಿಟ್ಟು ಬಸ್ಸಿನ ಬೆನ್ನತ್ತೂ ಮಗ ನಾನಲ್ಲ. ಅಕ್ಕಿಆಲೂರಿನವ್ರು ಬ್ಯಾರೆ ಅಡಿಗ್ಯಾಂವನ್ನ ಕರಕೊಂಡ್ರು. ನನಗಾದ ಲುಕ್ಸಾನು ಅರವತ್ತೈದು ರೂಪಾಯಿ.