ಓದದೆ ಒತ್ತಿದ ಹೌದು

ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತನಿಗೆ ಜೊತೆಯವರು ಇಟ್ಟ ಹೆಸರು ಹೌದಪ್ಪ. ಕಂಪ್ಯೂಟರ್ ಏನು ಕೇಳಿದರೂ ಹೌದು ಒತ್ತುತ್ತಿದ್ದ. ಅದೋ, ಬೇರೆ ಕೆಲಸವೇ ಇಲ್ಲದ ಹಾಗೆ ಕೇಳುತ್ತಲೇ ಇತ್ತು. ಮುದ್ರಿಸಲೇ? ಮುಚ್ಚಲೇ? ಖಚಿತವೇ? ಪರದೆಯ ನಟ್ಟನಡುವೆ ಬೂದು ಚೌಕವೊಂದು ಬಂದು ಕೂತರೆ, ಉತ್ತರ ಕೊಡುವವರೆಗೆ ಹಿಂದಿನ ಕೆಲಸ ಮುಟ್ಟುವಂತಿಲ್ಲ. ದಿನಕ್ಕೆ ಇನ್ನೂರು ಚೌಕ, ಹನ್ನೊಂದು ವರ್ಷ. ಓದುವುದನ್ನು ಮೊದಲ ವರ್ಷವೇ ಬಿಟ್ಟಿದ್ದ. ಮನೆಯಲ್ಲೂ ಹೆಂಡತಿ ಏನು ಕೇಳಿದರೂ "ಹೂಂ" ಅನ್ನುತ್ತಿದ್ದ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು.

ಒಬ್ಬರದೇ ಎರಡು ದಾಖಲೆಗಳಿದ್ದರೆ ಕೂಡಿಸಿ ಒಂದು ಮಾಡುವುದೂ ಅವನ ಕೆಲಸ. ಒಂದು ಬೆಳಿಗ್ಗೆ ತಾಯಿಯೊಬ್ಬಳು ಅವಳಿ ಕೂಸುಗಳನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ಪರದೆಯಲ್ಲಿದ್ದದ್ದು ಒಂದೇ ಮಗು. ಒಂದೇ ತಾಯಿ, ಒಂದೇ ಹುಟ್ಟಿದ ದಿನ, ಹೆಸರಿನ್ನೂ ಇಟ್ಟಿಲ್ಲ. ಮೂರು ವಾರದ ಹಿಂದೆ, ಕೂಡಿಸಲೇ ಎಂದು ಚೌಕ ಕೇಳಿದ್ದಕ್ಕೆ ಹೌದು ಒತ್ತಿ, ಇಬ್ಬರನ್ನೂ ಇವನೇ ಕೂಡಿಸಿಬಿಟ್ಟಿದ್ದ. ಹಿಂದಕ್ಕೆ ತರಲಾಗದು ಎಂದು ಅದು ಹೇಳಿಯೂ ಇತ್ತು. ಹುಟ್ಟಿದಾಗ ತೆಗೆದ ರಕ್ತದ ವರದಿಗಳಲ್ಲಿ ಸರಿಯಿದ್ದದ್ದು ಮೇಲೆ ಉಳಿದು, ಥೈರಾಯ್ಡ್ ಕೊರತೆ ಇದ್ದ ಮಗುವಿನದು ಅಡಿಗೆ ಬಿದ್ದಿತ್ತು. ಯಾವ ಮಗುವಿನದೆಂದು ತಿಳಿಯದೆ ಇಬ್ಬರಿಗೂ ಮತ್ತೆ ಸೂಜಿ ಚುಚ್ಚಿದರು. ಮಾತ್ರೆ ಕೊಡಬೇಕಿದ್ದ ಮೂರು ವಾರ ಕೈತಪ್ಪಿ ಹೋಗಿತ್ತು.

ಅವನಿಗೆ ಏನೂ ಅನಿಸಲಿಲ್ಲ. ಅನಿಸುತ್ತಿಲ್ಲವಲ್ಲ ಎಂದು ಒಂದಿಷ್ಟು ನಾಚಿಕೆಯಾಯಿತು, ಅಷ್ಟೇ.

ಕಂಪ್ಯೂಟರಿನ ಪರದೆಗಳನ್ನು ವಿನ್ಯಾಸ ಮಾಡುವಾಕೆ ಬಂದು ಇಡೀ ದಿನ ಅವನ ಪಕ್ಕ ಕೂತಳು.

"ಆ ಪ್ರಶ್ನೆಗೆ ಕೆಂಪು ಬಣ್ಣ ಹಾಕ್ಬಿಡಿ," ಎಂದ ಅವನು.

"ದಿನಾ ನೋಡಿದ್ರೆ ಕೆಂಪೂ ಕಣ್ಣಿಗೆ ಬೀಳಲ್ಲ. ತಪ್ಪಾದ್ರೂ ಆಮೇಲೆ ಸರಿಮಾಡ್ಕೋಬಹುದಾದ್ದಕ್ಕೆಲ್ಲ ತಡೆದು ತಡೆದು ಕೇಳಿದೀವಿ. ನಿಮ್ಮನ್ನ ಹೀಗೆ ಮಾಡಿದ್ದು ನಾವೇ."

ವಾರದೊಳಗೆ ಚೌಕಗಳೆಲ್ಲ ಹೋದವು. ಉಳಿದದ್ದು ದಾಖಲೆ ಕೂಡಿಸುವಾಗಿನದು ಒಂದೇ. ಅದರಲ್ಲಿ ಎರಡೂ ದಾಖಲೆಗಳು ಅಕ್ಕಪಕ್ಕ ಕಾಣುತ್ತಿದ್ದವು. ಕೆಳಗೆ ಹೌದು ಎಂಬ ಗುಂಡಿಯೇ ಇರಲಿಲ್ಲ. "ಇಬ್ಬರೂ ಒಬ್ಬರೇ, ಕೂಡಿಸು" ಎಂದೊಂದು, "ಬೇರೆ ಬೇರೆ, ಹಾಗೇ ಇರಲಿ" ಎಂದೊಂದು. ಅವನ ಬೆರಳು ಹಳೆಯ ಜಾಗಕ್ಕೇ ಹೋಗಿ, ಅಲ್ಲಿ ಏನೂ ಸಿಗದೆ ನಿಲ್ಲುತ್ತಿತ್ತು.

ಅವಳಿಗಳಲ್ಲಿ ಚಿಕ್ಕವಳನ್ನು ಎತ್ತಿಕೊಂಡು ತಾಯಿ ಮತ್ತೆ ಬಂದಳು. ಕೊರತೆ ಇದ್ದದ್ದು ಅವಳಿಗೇ, ಮಾತ್ರೆ ಶುರುವಾಗಿತ್ತು. ತಡವಾದದ್ದರಿಂದ ಮೆದುಳಿಗೆ ಏನಾಗಿದೆಯೋ, ಬೆಳೆದ ಮೇಲೆಯೇ ಗೊತ್ತಾಗುವುದು ಎಂದಿದ್ದರು ಡಾಕ್ಟರು.

"ಓದ್ದೇನೇ ಒತ್ತಿದ್ರಾ?" ಎಂದು ಕೇಳಿದಳು.

ಬಾಯಿತುದಿಗೆ ಬಂದ ಉತ್ತರವನ್ನು ಅವನು ತಡೆದ. ಅವಳ ಪ್ರಶ್ನೆಯನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಒಮ್ಮೆ ಓದಿದ. ಮಗುವಿನ ಮುಖ ನೋಡಿದ.

"ಹೌದು," ಎಂದ.