ಅದು ಕವಳವಲ್ಲ, ಸ್ಟೇರಿಂಗ್ ಎಣ್ಣೆ

ಕಾರು ನಿಲ್ಲಿಸಿ ಇಳಿದವನು ಒಮ್ಮೆ ತಿರುಗಿ ನೋಡುವುದು ಸಹಜ. ಬಾಗಿಲು ಸರಿಯಾಗಿ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಯಾರಿಗಾದರೂ ಇರುತ್ತದೆ. ನಾನು ಮಾತ್ರ ಇಳಿದ ಕೂಡಲೇ ಪಂಚೆ ಎತ್ತಿ ಕಟ್ಟಿ, ರಸ್ತೆಯ ಮೇಲೆ ಮಂಡಿಯೂರಿ ಕಾರಿನ ಅಡಿಗೆ ಇಣುಕುತ್ತೇನೆ. ಸಿದ್ದಾಪುರ ಪೇಟೆಯಲ್ಲಿ ನನ್ನನ್ನು ಈ ಭಂಗಿಯಲ್ಲಿ ಕಂಡವರು ಬಹಳ. ಬೆಕ್ಕು ಸೇರಿಕೊಂಡಿದೆಯಾ ಎಂದು ಕೇಳಿದವರುಂಟು. ಏನೋ ಬಿದ್ದಿರಬೇಕೆಂದು ತಾವೂ ಬಗ್ಗಿ ಹುಡುಕಿದವರುಂಟು. ಒಬ್ಬ ಹಿರಿಯರಂತೂ ವಾಹನಪೂಜೆ ನಡೆಯುತ್ತಿದೆಯೆಂದು ತಿಳಿದು ಚಪ್ಪಲಿ ಕಳಚಿ ನಿಂತುಬಿಟ್ಟರು. ಅವರಿಗೆ ಯಾರಿಗೂ ನಾನು ನಿಜ ಹೇಳಲಿಲ್ಲ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನಾನು ಹುಡುಕುತ್ತಿದ್ದುದು ಒಂದು ಕೆಂಪು ಹನಿಯನ್ನು.

ನನಗಿದ್ದದ್ದು ಎರಡೇ ಚಟ. ಒಂದು ಕವಳ. ವೀಳ್ಯದೆಲೆ, ಅಡಿಕೆ, ಸುಣ್ಣ, ಒಂದು ಎಸಳು ತಂಬಾಕು. ಇನ್ನೊಂದು ನನ್ನ ಬಿಳಿ ಕಾರು. ಅದನ್ನು ಕೊಂಡಾಗ ನನ್ನ ತಲೆಗೂದಲು ಕಪ್ಪಗಿತ್ತು, ಈಗ ಕಾರೂ ನಾನೂ ಬಣ್ಣದಲ್ಲಿ ಸರಿಸಮ. ಶಿರಸಿಯ ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ನನ್ನ ಹೆಂಡತಿಯನ್ನು ಒಳಗೆ ಕರೆದರು. ನಾಗವೇಣಿ ನಮ್ಮ ಬಿಳಗಿಯ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು. ಗದ್ದಲ ಮಾಡುವವರನ್ನು ಬರೀ ನೋಟದಲ್ಲೇ ಸುಮ್ಮನಾಗಿಸಿ ರೂಢಿ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ನೋಟದಲ್ಲಿ ನನ್ನನ್ನು ನೋಡುತ್ತ ಬಂದವಳು, ಅಂಗಳದಲ್ಲಿ ಇಳಿಯುವಾಗ ತೀರ್ಪು ಕೊಟ್ಟಳು.

"ಕವಳ ಬಿಡವು, ಇಲ್ಲದಿದ್ರೆ ಈ ಕಾರು ಬಿಡವು. ಎರಡನ್ನೂ ಯಂಗೆ ಸುಧಾರ್ಸಲೆ ಆಗ್ತಿಲ್ಲೆ."

ಕಾರಿನ ಮೇಲೆ ಅವಳಿಗೆ ಮೊದಲಿಂದಲೂ ಸಿಟ್ಟು. ನೆಂಟರ ಮನೆಗೆ ಹೊರಟಾಗೆಲ್ಲ ಅದು ದಾರಿಯಲ್ಲಿ ಒಮ್ಮೆ ವಿಶ್ರಾಂತಿ ಪಡೆಯುತ್ತದೆ ಎಂಬುದು ಅವಳ ದೂರು. ಅವಳ ಅಣ್ಣ ಯಲ್ಲಾಪುರದಲ್ಲಿ ಗಿರಾಕಿಯನ್ನೂ ಗೊತ್ತುಮಾಡಿಟ್ಟಿದ್ದ. ಹಾಗಾಗಿ ನಾನು ಕವಳ ಬಿಟ್ಟೆ. ಕಾರಿಗಾಗಿ ಬಿಟ್ಟೆ, ಬಾಯಿಗಾಗಿ ಅಲ್ಲ. ಇಂಥದನ್ನು ಡಾಕ್ಟರಿಗೆ ಹೇಳಬಾರದು. ಚಂದಗುಳಿಯ ಗಣಪತಿಗೆ ಬೇಡಿಕೊಂಡವರು ಕೆಲಸ ಕೈಗೂಡಿದ ಮೇಲೆ ಗಂಟೆ ಕಟ್ಟುವ ರೂಢಿಯಿದೆಯಲ್ಲ, ನಾಗವೇಣಿ ಅದನ್ನೂ ಹೇಳಿಕೊಂಡಳು. ನಲವತ್ತೆಂಟು ದಿನ ಇವರು ಕವಳ ಮುಟ್ಟದಿದ್ದರೆ ಒಂದು ಗಂಟೆ. ಮುಟ್ಟಿದರೆ ಗಂಟೆಯೂ ಇಲ್ಲ, ಕಾರೂ ಇಲ್ಲ.

ಎಂಟನೆಯ ದಿನ ಶಾಲೆಯಲ್ಲಿ ನನ್ನ ಮಾನ ಹೋಯಿತು. ನಾನು ಸಿದ್ದಾಪುರದ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಸಂಜೆ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ನಮ್ಮ ಪಿ.ಟಿ. ಮಾಸ್ತರು ಗಾಂವ್ಕರರು ನೆಲ ನೋಡುತ್ತ ನಿಂತಿದ್ದರು. ಮುಖದಲ್ಲಿ ಪರಮಾನಂದ.

"ಹೆಗಡೇರೇ, ನಲವತ್ತೆಂಟು ದಿನ ಅಂದಿದ್ರಿ. ಎಂಟಕ್ಕೇ ಮುಗೀತಾ?"

ಇಳಿದು ನೋಡಿದೆ. ಬಲಗಡೆ ಮುಂದಿನ ಚಕ್ರ ನಿಂತಿದ್ದ ಜಾಗದಲ್ಲಿ, ನಾನು ಕೂರುವ ಬಾಗಿಲಿನ ಪಕ್ಕದಲ್ಲೇ, ಅಂಗೈಯಗಲದ ಕೆಂಪು ಕಲೆ. ನಮ್ಮ ಕಡೆಯವರಿಗೆ ಅದನ್ನು ಓದಲು ಪಾಠ ಬೇಕಿಲ್ಲ. ಕವಳ ಹಾಕುವವನು ಕಾರಿನ ಬಾಗಿಲನ್ನು ಒಂದು ಗೇಣು ತೆರೆದು, ಕತ್ತು ಹೊರಗೆ ಹಾಕಿ ಎಲ್ಲಿ ಉಗುಳುತ್ತಾನೋ ಸರಿಯಾಗಿ ಅಲ್ಲಿ. ಬಣ್ಣ ಅದೇ, ಅಳತೆ ಅದೇ, ಅಂಚಿನಲ್ಲಿ ಸಿಡಿದ ಚುಕ್ಕೆಗಳೂ ಅವೇ. ಇಪ್ಪತ್ತು ವರ್ಷ ನಾನೇ ಈ ಊರಿನ ನೆಲದ ಮೇಲೆ ಹಾಕಿಕೊಂಡು ಬಂದ ಸಹಿ ಅದು. ಆದರೆ ಈ ಸಲ ಹಾಕಿದವನು ನಾನಲ್ಲ.

ಇತಿಹಾಸದ ಮಾಸ್ತರರಿಗೆ ಒಂದು ಉಪದೇಶ ಬಾಯಿಪಾಠವಾಗಿರುತ್ತದೆ. ಒಂದೇ ಪುರಾವೆ ಹಿಡಿದು ತೀರ್ಮಾನಕ್ಕೆ ಬರಬೇಡಿ. ಬಿಳಗಿ ಒಂದು ಕಾಲಕ್ಕೆ ರಾಜಧಾನಿ. ಈಗಲೂ ಗದ್ದೆಯಲ್ಲಿ ಹಳೆಯ ಕಲ್ಲು ಸಿಕ್ಕರೆ ನನ್ನನ್ನು ಕರೆಯುತ್ತಾರೆ. ಅರಮನೆಯ ಮೆಟ್ಟಿಲೇ ಹೌದೆಂದು ಸಿಕ್ಕವನು ಹೇಳುತ್ತಾನೆ, ಬಟ್ಟೆ ಒಗೆಯುವ ಕಲ್ಲೂ ಆಗಿರಬಹುದು ಎಂದು ನಾನು ಹೇಳುತ್ತೇನೆ, ಆಮೇಲೆ ನನಗೆ ಆ ಮನೆಯಲ್ಲಿ ಚಹಾ ಸಿಗುವುದಿಲ್ಲ. ಇಷ್ಟು ವರ್ಷ ಊರಿಗೆಲ್ಲ ಹಂಚಿದ ಈ ಅನುಮಾನ ನನ್ನ ಪಾಲಿಗೆ ಒಂದು ಚಮಚದಷ್ಟೂ ಬರಲಿಲ್ಲ. ಗಾಂವ್ಕರರು ಮರುದಿನ ಸ್ಟಾಫ್ ರೂಮಿಗೆಲ್ಲ ಸುದ್ದಿ ಮುಟ್ಟಿಸಿದರು.

ಕೆಂಪು ಕಲೆ ಎಲ್ಲಿಂದ ಬಂತು? ಮೂರು ದಿನ ಬಗ್ಗಿ ಬಗ್ಗಿ ನೋಡಿ ಕಂಡುಹಿಡಿದೆ. ಕಾರೇ ಉಗುಳುತ್ತಿತ್ತು. ಮುಂದಿನ ಚಕ್ರದ ಒಳಮಗ್ಗುಲಲ್ಲಿ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಚೀಲ, ಅದರ ತುದಿಯಿಂದ ತೊಟ್ಟು ತೊಟ್ಟಾಗಿ ಕೆಂಪು ಎಣ್ಣೆ.

ಈಗ ನನ್ನ ಪೇಚಾಟ ನೋಡಿ. ಮನೆಯ ಅಂಗಳದಲ್ಲೂ ಬೀಳುತ್ತಿದ್ದ ಈ ಕಲೆ ಕವಳದ್ದೆಂದು ನಾಗವೇಣಿ ತಿಳಿದರೆ ನಾನು ಮಾತಿಗೆ ತಪ್ಪಿದವನು, ಕಾರು ಹೋಗುತ್ತದೆ. ಅಲ್ಲ ಮಾರಾಯ್ತಿ, ಕಾರೇ ಸೋರುತ್ತಿದೆ ಎಂದು ಹೇಳಿದೆನೋ, ಸೋರುವ ಕಾರನ್ನು ಇಟ್ಟುಕೊಳ್ಳುವುದುಂಟೇ, ಆಗಲೂ ಕಾರು ಹೋಗುತ್ತದೆ. ಎರಡು ದಾರಿ, ಎರಡೂ ಯಲ್ಲಾಪುರದ ಆ ಗಿರಾಕಿಯ ಮನೆ ಬಾಗಿಲಿಗೇ. ಇದಕ್ಕೆ ಮೂರನೆಯ ದಾರಿಯೊಂದೇ, ಗುಟ್ಟಾಗಿ ರಿಪೇರಿ. ಸಿದ್ದಾಪುರದ ಮೆಕ್ಯಾನಿಕ್ಕುಗಳೆಲ್ಲ ನಾಗವೇಣಿಯ ತವರಿನ ಕಡೆಯವರಿಗೆ ಪರಿಚಯ. ಶಿರಸಿಯಲ್ಲಿ ನನ್ನ ಕಾರು ನಿಂತಿದ್ದನ್ನು ನಾನು ಮನೆ ಮುಟ್ಟುವ ಮೊದಲೇ ಫೋನಿನಲ್ಲಿ ಹೇಳುವವರಿದ್ದಾರೆ. ಹಾಗಾಗಿ ಶಿರಸಿಯನ್ನೂ ದಾಟಿ ಎಕ್ಕಂಬಿಗೆ ಹೋದೆ. ಮನೆಯಲ್ಲಿ ಪೇಪರ್ ತಿದ್ದುವ ಕೆಲಸವೆಂದು ಹೇಳಿದೆ. ತಿದ್ದುವ ಕೆಲಸವೇನೋ ಹೌದು.

ಎಕ್ಕಂಬಿಯ ರಸ್ತೆ ಬದಿಯ ಶೆಡ್ಡಿನಲ್ಲಿ ಫಕ್ಕೀರಪ್ಪನೆಂಬ ಮೆಕ್ಯಾನಿಕ್ ಸಿಕ್ಕಿದ. ಹಾವೇರಿ ಕಡೆಯಿಂದ ಬಂದು ನೆಲೆಸಿದವನು. ಕಾರಿನಡಿ ಮಲಗಿ, ಆ ರಬ್ಬರ್ ಚೀಲವನ್ನು ಹಿಂಡಿದ. ಒಂದು ಲೋಟ ಎಣ್ಣೆ ಅವನ ಮುಂಗೈ ಮೇಲೆ ಸುರಿಯಿತು.

"ಸರ, ಪವರ್ ಸ್ಟೇರಿಂಗಿನ ರ್ಯಾಕ್ ಸೋರಾಕತ್ತೇತ್ರಿ. ಎಣ್ಣಿ ತಡ್ಯೋ ಒಳಗಿನ ರಬ್ಬರ್ ಸೀಲ್ ಹೋಗ್ಯಾವ. ಹಳೇ ಗಾಡಿ, ಸೀಲ್ ಹುಬ್ಬಳ್ಳಿಂದ ತರಸ್ಬೇಕು."

"ಅಲ್ಲಿವರೆಗೆ ಏನು ಮಾಡಬೇಕು?"

"ನೀವು ಎಣ್ಣಿ ಹಾಕ್ಕೋತ ಇರ್ರಿ, ಅದು ಸೋರ್ಕೋತ ಇರತೈತಿ."

ಇಷ್ಟು ನೇರವಾಗಿ ಮಾತಾಡುವವರು ಈಗ ಅಪರೂಪ. ಅವನು ರ್ಯಾಕ್ ಎಂದರೆ ಏನೆಂಬುದನ್ನೂ ಹೇಳಿದ. ನಾವು ಸ್ಟೇರಿಂಗ್ ತಿರುಗಿಸಿದಾಗ ಚಕ್ರಗಳನ್ನು ಆ ಕಡೆ ಈ ಕಡೆ ತಳ್ಳುವ ಉದ್ದನೆಯ ಹಲ್ಲಿನ ಸರಳು ಅದು. ಅದರ ಕೊಳವೆಯೊಳಗೆ ಒತ್ತಡದಿಂದ ನುಗ್ಗುವ ಕೆಂಪು ಎಣ್ಣೆಯೇ ನಿಜವಾದ ಕೆಲಸ ಮಾಡುವುದು. ನಮ್ಮ ಕೈ ಬರೀ ಸನ್ನೆ ಮಾಡುತ್ತದೆ. ಕೇಳಿ ನನಗೆ ಸ್ವಲ್ಪ ನಾಚಿಕೆಯಾಯಿತು. ಘಟ್ಟದ ತಿರುವುಗಳಲ್ಲಿ ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕವಳದ ಸಂಚಿ ಬಿಚ್ಚುತ್ತ, ಕಾರು ಓಡಿಸಿ ಬೀಗಿದ ಮನುಷ್ಯ ನಾನು. ಎಲ್ಲವೂ ಎಣ್ಣೆಯ ಪ್ರತಾಪವಾಗಿತ್ತು. ರಾಜರ ಕಾಲದಲ್ಲೂ ಹೀಗೇ ಇದ್ದಿರಬೇಕು. ಕುಳಿತು ಬೆರಳು ತೋರಿಸಿದವನ ಹೆಸರು ಶಾಸನದಲ್ಲಿದೆ, ಒಳಗೆ ಒತ್ತಡದಲ್ಲಿ ಓಡಾಡಿದವನ ಹೆಸರನ್ನು ನಾನು ಇನ್ನೂ ಯಾವ ಕಲ್ಲಿನಲ್ಲೂ ಓದಿಲ್ಲ.

ಸೀಲು ಬರಲಿಲ್ಲ. ಒಮ್ಮೆ ಬಂತು, ಬೇರೆ ಕಾರಿನದ್ದಾಗಿತ್ತು. ನಾನು ಎಣ್ಣೆಯ ಡಬ್ಬಿಯನ್ನು ಇತಿಹಾಸದ ಭೂಪಟಗಳ ಹಿಂದೆ ಅಡಗಿಸಿಟ್ಟು ದಿನಾ ಹೊಯ್ದೆ. ಅಂಗಳದಲ್ಲಿ ಕಾರಿನ ಚಕ್ರದಡಿಗೆ ಗೋಣಿತಟ್ಟು ಹಾಸಿದೆ. ನಾಗವೇಣಿ ಅದೇಕೆಂದು ಕೇಳಿದಾಗ ಟಯರಿಗೆ ಥಂಡಿ ಆಗಬಾರದು ಎಂದೆ. ಅವಳು ಬಹಳ ಹೊತ್ತು ನನ್ನನ್ನೇ ನೋಡಿ ಒಳಗೆ ಹೋದಳು. ಆ ನೋಟದ ಭಯಕ್ಕೆ, ದೇವರಾಣೆ, ನನಗೆ ಕವಳದ ನೆನಪೇ ಆಗುತ್ತಿರಲಿಲ್ಲ. ಸಂಶಯ ಆಗಲೇ ತಲೆ ಮೇಲೆ ಕೂತಿರುವಾಗ ತಿಂದು ಸಿಕ್ಕಿಬೀಳಲು ನನಗೇನು ಹುಚ್ಚೇ?

ನಲವತ್ತೆಂಟನೆಯ ದಿನ ಬಂತು. ಗಂಟೆಯನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ನಾಗವೇಣಿ ಎಡಗಡೆ ಸೀಟಿನಲ್ಲಿ ಕೂತಳು. ಎಣ್ಣೆ ತುಂಬಿಸಿಕೊಂಡೇ ಹೊರಟಿದ್ದೆ, ಆದರೆ ಶಿರಸಿ ದಾಟುವ ಹೊತ್ತಿಗೇ ಪ್ರತಿ ತಿರುವಿನಲ್ಲೂ ಸ್ಟೇರಿಂಗು ಗೊಂಯ್ ಎನ್ನತೊಡಗಿತು. ಆಮೇಲಂತೂ ನಾನು ಕಾರು ಓಡಿಸಲಿಲ್ಲ, ಅದರ ಜೊತೆ ಕುಸ್ತಿ ಆಡಿದೆ. ಎದುರು ಬಸ್ಸು ಬಂದರೆ ಎರಡೂ ಕೈ, ಎದೆ, ಹಲ್ಲು ಎಲ್ಲ ಸೇರಿ ಎಳೆದಾಗ ಕಾರು ಮನಸ್ಸಿಲ್ಲದೆ ಪಕ್ಕಕ್ಕೆ ಸರಿಯುತ್ತಿತ್ತು. ಅಂಗಿಯೆಲ್ಲ ಒದ್ದೆ. "ಮೈ ಸರಿ ಇಲ್ಯಾ?" ಎಂದು ನಾಗವೇಣಿ ಕೇಳಿದಳು. "ಭಕ್ತಿ" ಎಂದೆ.

ಚಂದಗುಳಿಯಲ್ಲಿ ಪೂಜೆ ಚೆನ್ನಾಗಿ ಆಯಿತು. ತೂಗುವ ನೂರಾರು ಗಂಟೆಗಳ ನಡುವೆ ಅವಳು ತನ್ನದೊಂದನ್ನು ಕಟ್ಟಿ, ಒಮ್ಮೆ ಬಾರಿಸಿ, ಕಣ್ಣೊರೆಸಿಕೊಂಡಳು. ನನಗಾಗಿ ಅತ್ತಳೆಂದು ತಿಳಿದಾಗ ನನಗೆ ತಡೆಯಲಾರದಷ್ಟು ಸಂತೋಷವಾಯಿತು, ಅಷ್ಟೇ ಹೆದರಿಕೆಯೂ ಆಯಿತು. ಗಣಪತಿಯ ಹತ್ತಿರ ನಾನು ಬೇಡಿಕೊಂಡದ್ದು ಇಷ್ಟೇ, ಇವತ್ತೊಂದು ದಿನ ಹನಿ ನಿಲ್ಲಲಿ. ಹೊರಗೆ ಬಂದು ಕಾರು ಹಿಂದಕ್ಕೆ ತೆಗೆಯತೊಡಗಿದೆ. ನಾಗವೇಣಿ ನಿಂತು "ಬನ್ನಿ, ಬನ್ನಿ" ಎಂದು ಕೈ ಮಾಡುತ್ತಿದ್ದವಳು ಹಠಾತ್ತನೆ ಕೈ ಇಳಿಸಿ ನೆಲ ನೋಡಿದಳು. ದೇವಸ್ಥಾನದ ಎದುರಿನ ಕಲ್ಲುಹಾಸಿನ ಮೇಲೆ ಊಟದ ತಟ್ಟೆಯಗಲದ ಕೆಂಪು.

ಇಳಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳ ಗಂಟೆಯ ಸದ್ದು ಇನ್ನೂ ಕಿವಿಯಲ್ಲಿತ್ತು. ಕಾರು ಹೋದರೆ ಹೋಗಲಿ, ಇವಳು ಕಟ್ಟಿದ ಗಂಟೆ ಸುಳ್ಳಾಗಬಾರದು ಎನಿಸಿತು.

"ಅದು ಕವಳ ಅಲ್ಲ, ಸ್ಟೇರಿಂಗ್ ಎಣ್ಣೆ. ಆನು ಕವಳ ಮುಟ್ಟಿದ್ನಿಲ್ಲೆ. ಕಾರು ಸೋರ್ತಾ ಇದ್ದು. ಬೇಕಾದ್ರೆ ನಿನ್ನ ಅಣ್ಣಂಗೆ ಫೋನ್ ಮಾಡು."

"ಗೊತ್ತಿದ್ದು," ಎಂದಳು.

"ಯಾವಾಗಿಂದ?"

"ಅಂಗಳದಲ್ಲಿ ಮೊದಲ ಸಲ ಬಿದ್ದ ದಿನವೇ ಆನು ಬೆರಳು ಅದ್ದಿ ಮೂಸಿ ನೋಡಿದ್ದಿ. ಕವಳಕ್ಕೆ ಆ ವಾಸನೆ ಎಲ್ಲಿ ಬತ್ತು?"

"ಮತ್ತೆ ಎಂತಕ್ಕೆ ಸುಮ್ನಿದ್ದೆ?"

"ಆನು ಸಂಶಯ ಮಾಡ್ತಿದ್ದೆ ಹೇಳಿ ನಿಂಗಕ್ಕೆ ಹೆದರಿಕೆ ಇದ್ರೆ ಕವಳದ ಹತ್ರ ಹೋಗ್ತ್ರಿಲ್ಲೆ ಹೇಳಿ."

ನಲವತ್ತು ದಿನ ನಾನು ಮುಚ್ಚಿಟ್ಟೆನೆಂದು ತಿಳಿದಿದ್ದೆ. ಆ ಹೆದರಿಕೆಯಲ್ಲಿ ನನ್ನನ್ನು ಓಡಿಸುತ್ತಿದ್ದವಳು ಪಕ್ಕದ ಸೀಟಿನಲ್ಲಿದ್ದಳು. ಅಲ್ಲೇ ನಿಂತು ಇಬ್ಬರೂ ನಕ್ಕೆವು, ಹಣ್ಣುಕಾಯಿ ಹಿಡಿದು ಬಂದವರು ದೂರದಿಂದ ಸುತ್ತಿಹೋಗುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಹೊಸ ಷರತ್ತು ಹಾಕಿದಳು.

"ಕಾರು ರಿಪೇರಿ ಮಾಡ್ಸಿ. ಅದಾದ ಮೇಲೆ ಒಂದೇ ಒಂದು ಕೆಂಪು ಹನಿ ಬಿದ್ರೂ ಅಣ್ಣಂಗೆ ಫೋನ್ ಮಾಡ್ತೆ."

ಮುಂದಿನ ವಾರ ಸೀಲು ಬಂತು. ಫಕ್ಕೀರಪ್ಪ ರ್ಯಾಕ್ ಇಳಿಸಿ, ಎರಡೂ ತುದಿಗೆ ಹೊಸದು ಹಾಕಿ, ತಿರುಗಿ ಕೂರಿಸಿದ. ಅಬ್ಬ, ಸ್ಟೇರಿಂಗೆಂದರೆ ಅದು. ಕಿರುಬೆರಳಿನಲ್ಲಿ ತಿರುಗುತ್ತಿತ್ತು. ನಾನು ಎಕ್ಕಂಬಿಯ ರಸ್ತೆಯಲ್ಲಿ ಸುಮ್ಮಸುಮ್ಮನೆ ಕಾರು ತಿರುಗಿಸಿ, ಮತ್ತೆ ತಿರುಗಿಸಿ, ಒಂದೇ ಚಹಾದಂಗಡಿಯ ಎದುರು ನಾಲ್ಕು ಸಲ ಹಾದುಹೋದೆ. ನಾಲ್ಕನೆಯ ಸಲ ಅಂಗಡಿಯವನು ಕೈಮುಗಿದ.

ಹದಿನೈದು ದಿನ ನೆಲ ಸ್ವಚ್ಛ. ಹದಿನಾರನೆಯ ದಿನ ಸಿದ್ದಾಪುರ ಪೇಟೆಯಲ್ಲಿ ನಾಗವೇಣಿಯನ್ನು ಕಾರಿನಲ್ಲೇ ಕೂರಿಸಿ, ನಾನು ಔಷಧಿ ಅಂಗಡಿಗೆ ಹೋಗಿ ಬಂದೆ. ಕಾರನ್ನು ಹಿಂದಕ್ಕೆ ತೆಗೆದು ರೂಢಿಯಂತೆ ನೆಲ ನೋಡಿದೆ. ಕೆಂಪು ಕಲೆ. ಈ ಸಲ ಎಡಗಡೆ.

"ಎಂತ ನೋಡ್ತಾ ಇದ್ರಿ?" ಎಂದಳು. ಎಂತದೂ ಇಲ್ಲೆ ಎಂದು ಗಾಡಿ ಬಿಟ್ಟೆ. ಮರುದಿನವೇ ಎಕ್ಕಂಬಿ. ಫಕ್ಕೀರಪ್ಪ ಕಾರಿನಡಿ ಬಹಳ ಹೊತ್ತು ಮಲಗಿದ್ದ. ನಿದ್ದೆ ಬಂತೋ ಏನೋ ಎಂದು ನಾನು ಕಾಲು ಅಲುಗಿಸಬೇಕೆನ್ನುವಷ್ಟರಲ್ಲಿ ಹೊರಬಂದ.

"ಒಂದು ಹನಿ ಇಲ್ರಿ ಸರ. ಎರಡೂ ಕಡೆ ಒಣಾ ಒಣಾ ಐತಿ."

"ಎಡಗಡೆ ನಾನೇ ನೋಡಿದೆ ಮಾರಾಯ."

ಅವನು ಕೈ ಒರೆಸಿಕೊಳ್ಳುತ್ತ ನನ್ನನ್ನು, ಕಾರನ್ನು, ಮತ್ತೆ ನನ್ನನ್ನು ನೋಡಿದ.

"ಎಡಗಡೆ ಸೀಟಿನ್ಯಾಗ ಯಾರು ಕುಂದರ್ತಾರ್ರಿ ಸರ?"

ನಾನು ನೇರವಾಗಿ ಸಿದ್ದಾಪುರಕ್ಕೆ ವಾಪಸು ಬಂದೆ. ಔಷಧಿ ಅಂಗಡಿಯ ಎದುರಿನ ಕಲೆ ಒಣಗಿಹೋಗಿತ್ತು. ಎರಡು ದಿನ ಕಾದೆ. ಹೊಸದೊಂದು ಬಿತ್ತು, ಲೈಬ್ರರಿಯ ಎದುರು, ಎಡಬಾಗಿಲಿನ ಪಕ್ಕದಲ್ಲಿ, ನಾನು ಹಾಲಿನ ಡೇರಿಗೆ ಹೋಗಿ ಬರುವಷ್ಟರಲ್ಲಿ. ಅವಳು ಲೈಬ್ರರಿಯ ಬೀಗ ತೆಗೆಯುತ್ತಿದ್ದಳು. ನಾನು ಮಂಡಿಯೂರಿ, ಬೆರಳು ಅದ್ದಿ, ಮೂಸಿ ನೋಡಿದೆ. ಎಲೆ, ಸುಣ್ಣ, ಒಂದು ಲವಂಗ. ತಂಬಾಕಿಲ್ಲ. ನನಗಿಂತ ಎಷ್ಟೋ ಅಚ್ಚುಕಟ್ಟಾದ ಕವಳ. ನಾನು ಬಿಟ್ಟ ಮೇಲೆ ಮನೆಯಲ್ಲಿ ಉಳಿದಿದ್ದ ಎಲೆ ಅಡಿಕೆ ಎಲ್ಲಿ ಹೋಯಿತೆಂದು ಒಂದು ದಿನವೂ ಯೋಚಿಸದ ನಾನು ಇತಿಹಾಸದ ಮಾಸ್ತರ.

ಸಂಜೆ ಮನೆಗೆ ಬರುವಾಗ ಹೇಳಿದೆ. ಮುಖದಲ್ಲಿ ನಗೆ ಕಾಣದಂತೆ ರಸ್ತೆಯನ್ನೇ ನೋಡುತ್ತ ಹೇಳಿದೆ.

"ಕಾರು ಎಡಗಡೆಗೂ ಸೋರಲೆ ಶುರು ಮಾಡಿದ್ದು ಕಾಣ್ತು. ಅಣ್ಣಂಗೆ ಫೋನ್ ಮಾಡ್ತ್ಯಾ?"

ನಾಗವೇಣಿ ಕಿಟಕಿಯ ಹೊರಗೆ ನೋಡತೊಡಗಿದಳು. ಎರಡು ತಿರುವು ಕಳೆಯಿತು. ಸ್ಟೇರಿಂಗು ಸದ್ದಿಲ್ಲದೆ ತಿರುಗಿತು.

"ಹಳೇ ಗಾಡಿ ಅಲ್ದಾ," ಎಂದಳು. "ಒಂದೆರಡು ಹನಿ ಸೋರ್ತು. ಅಷ್ಟಕ್ಕೇ ಯಾರಾದ್ರೂ ಕಾರು ಮಾರ್ತ್ವಾ?"

ಕಾರು ಉಳಿಯಿತು. ನಾನು ಈಗಲೂ ಇಳಿದ ಕೂಡಲೇ ಬಗ್ಗಿ ನೋಡುತ್ತೇನೆ, ಆದರೆ ಬಲಗಡೆ ಮಾತ್ರ. ಅಂಗಳದಲ್ಲಿ ನಿಲ್ಲಿಸುವಾಗ ಎಡಬಾಗಿಲು ಸಿಮೆಂಟಿನ ಕಡೆ ಬಾರದಂತೆ, ಕೆಂಪು ಮಣ್ಣಿನ ಕಡೆ ಬರುವಂತೆ ನಿಲ್ಲಿಸುತ್ತೇನೆ. ಸ್ವಲ್ಪ ಹೆಚ್ಚು ತಿರುಗಿಸಬೇಕಾಗುತ್ತದೆ, ಆದರೆ ಸ್ಟೇರಿಂಗ್ ಈಗ ಬಹಳ ಹಗುರ.