ಆಷಾಢಕ್ಕೆ ಎತ್ತಿಟ್ಟ ರಾಗಿ

ದೊಡ್ಡಮಾವನ ಎರಡು ಹೆಗಲೂ ತರಚಿ, ಮಾಗಿ, ಮತ್ತೆ ತರಚಿ ಎತ್ತಿನ ಹೆಗಲಿನ ಹಾಗೆ ದಡ್ಡುಗಟ್ಟಿದ್ದವು. ವಯಸ್ಸಿನಲ್ಲಿ ಹೊಸ ಅಗ್ರಹಾರದ ಕಡೆ ಗೌಡರ ಮನೆಗಳಲ್ಲಿ ಹಗೇವಿಗೆ ಇಳಿಯುವುದು ಅವರ ಕೆಲಸವಾಗಿತ್ತು. ಹಗೇವು ಅಂದರೆ ನೆಲದೊಳಗೆ ರಾಗಿ ತುಂಬಿಡುವ ಗುಳಿ. ಹೊಟ್ಟೆ ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ತೂರುವಷ್ಟು. ಆ ಬಾಯಿಯ ಕಲ್ಲು ಉಜ್ಜಿ ಉಜ್ಜಿ ಆದ ದಡ್ಡು ಅದು.

ಕೋಟೆ ರಸ್ತೆಯ ಕಾಲೋನಿಗೆ ನಾನು ಸೊಸೆಯಾಗಿ ಬಂದಾಗ ಅವರದು ಪಕ್ಕದ ಮನೆ. ನನ್ನ ಗಂಡನಿಗೆ ದೊಡ್ಡಪ್ಪ, ನನಗೆ ದೊಡ್ಡಮಾವ. ಊಟಕ್ಕೆ ಕೂತರೆ ಮುದ್ದೆಯ ಒಂದು ಚೂರನ್ನು ತಟ್ಟೆಯ ಅಂಚಿಗೆ ಸರಿಸಿಟ್ಟುಕೊಂಡು ಉಳಿದದ್ದನ್ನು ಉಣ್ಣುವರು, ಕೊನೆಗೆ ಆ ಚೂರನ್ನೂ ತಿನ್ನುವರು. ಯಾಕೆ ಮಾವ ಅಂತ ಒಮ್ಮೆ ಕೇಳಿದೆ.

"ಮುಗುದೋಯ್ತಲ್ಲ ಅಂತ ಒಟ್ಟೆ ಅಳ್ತದೆ ಕಣವ್ವ. ಇನ್ನೂ ಅದೆ ಅಂತ ಅದ್ಕೆ ತೋರುಸ್ತಾ ಇರ್ಬೇಕು."

ಲಾಕ್‌ಡೌನಿನ ವರ್ಷ ಕೂಲಿ ನಿಂತಿತು. ಸೊಸೈಟಿ ಅಕ್ಕಿ ಕಾರ್ಡಿದ್ದವರಿಗಷ್ಟೆ. ಕಾಲೋನಿಯಲ್ಲಿ ಅರ್ಧ ಮನೆಗೆ ಕಾರ್ಡೇ ಇರಲಿಲ್ಲ. ಆಗ ಮೈಸೂರಿನ ಒಂದು ಸಂಸ್ಥೆಯವರು ತಿಂಗಳಿಗೊಮ್ಮೆ ವ್ಯಾನಿನಲ್ಲಿ ರಾಗಿ, ಬೇಳೆ, ಎಣ್ಣೆ ತಂದು ಕೊಟ್ಟರು. ಲಾಕ್‌ಡೌನ್ ಮುಗಿದ ಮೇಲೂ ತಂದರು. ಒಳ್ಳೆಯ ಜನ. ನಾವು ವ್ಯಾನಿನ ದಾರಿ ನೋಡುವುದನ್ನು ಕಲಿತುಬಿಟ್ಟೆವು.

ದೊಡ್ಡಮಾವನಿಗೆ ಮಾತ್ರ ಭಯ. "ಕೊಡೋ ಕೈಯೂ ಒಂದಿನ ಸೋತೋಯ್ತದೆ. ಆಷಾಢದಲ್ಲಿ ಸೋತ್ರೆ ಏನ್ ಮಾಡೀರಿ?"

ಆಷಾಢ ಅಂದರೆ ನಮಗೆ ಬಿಡದ ಜಡಿಮಳೆ. ಹೊಲದಲ್ಲಿ ಕೂಲಿ ಸಿಗುವುದಿಲ್ಲ, ಕೊಡಗಿನ ತೋಟದವರೂ ಕರೆಯುವುದಿಲ್ಲ. ಮಾರಿಗುಡಿ ಹಿಂದಿನ ದಿಣ್ಣೆಯಲ್ಲಿ ಒಂದು ಹಗೇವು ಹಾಳುಬಿದ್ದಿತ್ತು. ಅದನ್ನು ದೊಡ್ಡಮಾವ ಒಬ್ಬರೇ ಕೆರೆದು, ಒಳಗೆಲ್ಲ ಒಣಹುಲ್ಲು ಹೊದಿಸಿದರು. ವ್ಯಾನು ಬಂದಾಗಲೆಲ್ಲ ಮನೆಗೊಂದು ಸೇರು ರಾಗಿ ವಾಪಸು ಕೇಳುತ್ತ ಬಾಗಿಲು ಬಾಗಿಲಿಗೆ ನಿಂತರು.

"ಬಾಯಿಗೆ ಬಂದಿದ್ನ ಮಣ್ಗಾಕಿ ಅಂತಾನಲ್ಲಪ್ಪ ಈ ಮುದ್ಕ! ಗೌಡ್ರ ಹಗೇವು ಇಳ್ದೂ ಇಳ್ದೂ ತಾನೇ ಗೌಡ ಆಗ್ಬುಟ್ಟ ಕಣ್ಲಾ," ಎಂದು ಹುಡುಗರು ಆಡಿಕೊಂಡರು.

"ಊ ಕಣ್ರಲಾ, ಗೌಡ್ನೇ. ಒಂದ್ ಸೇರು ಕಂದಾಯ ಕಟ್ರಿ," ಎಂದು ದೊಡ್ಡಮಾವ ಚೀಲ ಚಾಚಿದರು.

ಜನ ಬೈದುಕೊಂಡೇ ಕೊಟ್ಟರು. ಬೇಸಿಗೆಯಲ್ಲಿ ದೊಡ್ಡಮಾವ ಎಲ್ಲವನ್ನೂ ಹಗೇವಿಗೆ ಸುರಿದು, ಚಪ್ಪಡಿ ಎಳೆದು, ಮಣ್ಣು ಮೆತ್ತಿದರು.

ಆ ಆಷಾಢಕ್ಕೇ ವ್ಯಾನು ನಿಂತಿತು. ಫೋನು ಮಾಡಿದರೆ, ಹಣ ಕೊಡುವವರು ಕೈಬಿಟ್ಟರಮ್ಮ ಎಂದರು ಸಂಸ್ಥೆಯ ಹುಡುಗಿ. ಹೇಳುವುದಕ್ಕೂ ಅವರಿಗೆ ಸಂಕಟ. ನಾನು ಮಗಳಿಗೆ ಗಂಜಿತಿಳಿ ಕುಡಿಸಿ ಮಲಗಿಸುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಎದ್ದು ಕೂರಲಾರದೆ ಗೋಡೆಗೆ ವಾಲಿದಳು. ಜಗಲಿಯಿಂದ ಅದನ್ನು ಕಂಡ ದೊಡ್ಡಮಾವ, "ಇವತ್ತೇ ತೆಗೀತೀನಿ," ಎಂದು ಎದ್ದರು.

ಹಗೇವಿನ ಚಪ್ಪಡಿ ಸರಿಸಿದ ಮೇಲೆ ಒಂದು ಹಗಲು, ಒಂದು ರಾತ್ರಿ ಬಾಯಿ ತೆರೆದೇ ಇರಬೇಕು. ಒಳಗಿನ ಕೆಟ್ಟ ಗಾಳಿ ಹೋಗಬೇಕು. ಆಮೇಲೆ ಲಾಟೀನು ಇಳಿಬಿಟ್ಟು ನೋಡಬೇಕು. ಆರಿದರೆ ಮನುಷ್ಯ ಇಳಿಯುವ ಹಾಗಿಲ್ಲ. ಇದನ್ನೆಲ್ಲ ನಮಗೆ ಹೇಳಿಕೊಟ್ಟವರೇ ಅವರು. ಆದರೆ ಆ ಮಳೆಯಲ್ಲಿ ಬಾಯಿ ತೆರೆದಿಟ್ಟರೆ ರಾಗಿ ನೆನೆದು ಮೊಳೆತುಹೋಗುತ್ತದೆ. ಹಾಗಾಗಿ ಗೂಟ ನೆಟ್ಟು ತಗ್ಗಾಗಿ ಟಾರ್ಪಾಲು ಬಿಗಿದೆವು. ಮಳೆ ಒಳಗೆ ಹೋಗಲಿಲ್ಲ. ಗಾಳಿಯೂ ಹೊರಗೆ ಬರಲಿಲ್ಲ.

ಸಂಜೆಗೆ ಲಾಟೀನು ಬಿಟ್ಟರು. ಆರಿತು.

"ಬ್ಯಾಡಿ ಮಾವ," ಅಂದೆ.

"ಮಳೆಗಾಳಿ ಕಣವ್ವ, ಅದ್ಕೇ ಆರ್ತು." ಮತ್ತೆ ಹಚ್ಚಿದರು. ಮತ್ತೆ ಆರಿತು. ನನ್ನ ಮುಖ ನೋಡಿದರು. "ಕೂಸು ಇನ್ನೊಂದ್ ರಾತ್ರಿ ತಡೀತದಾ? ಯೋಳು."



ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಒಂದು ಪುಟ್ಟಿ ರಾಗಿ ಮೇಲೆ ಬಂತು. ಖಾಲಿ ಪುಟ್ಟಿ ಮತ್ತೆ ಇಳಿಬಿಟ್ಟರೆ ಹಿಡಿಯುವ ಕೈಯಿಲ್ಲ. ಕೂಗಿದರೆ ಓ ಅನ್ನಲಿಲ್ಲ. ನನ್ನ ಮೈದುನ ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟ. ದೊಡ್ಡಮಾವನ ಹೆಂಡತಿ ದೊಡ್ಡತ್ತೆ ಓಡಿಬಂದು ಅವನ ಅಂಗಿ ಹಿಡಿದು ಜಗ್ಗಿದರು.

"ನೀನ್ ಓಗ್ಬ್ಯಾಡ ಕಣ್ಲಾ! ಒಬ್ರು ಸಾಕು! ಅಗ್ಗ ಎಳೀರಿ, ಅಗ್ಗ!"

ಎಳೆದೆವು. ಉಸಿರಿರಲಿಲ್ಲ.

ಸಾವಿನ ಮನೆಗೆಂದು ಊರೊಳಗಿನಿಂದ ಬಂದ ಅನ್ನವನ್ನೇ ಮಕ್ಕಳಿಗೆ ಹಂಚಿ ಎರಡು ದಿನ ತಳ್ಳಿದೆವು. ಹೆಣ ಬಿದ್ದ ರಾಗಿ ಉಣ್ಣಬಾರದು, ಹಗೇವು ಮುಚ್ಚಿ ಅತ್ತಲಾಗೆ ಎಂದರು ಹಿರಿಯರು. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ದೊಡ್ಡತ್ತೆ ಕಾಲು ತೊಳೆದವರೇ ಆ ಒಂದು ಪುಟ್ಟಿ ರಾಗಿಯನ್ನು ಎಳೆದುಕೊಂಡು ಬೀಸುವ ಕಲ್ಲಿನ ಮುಂದೆ ಕೂತರು.

"ಮುಚ್ಚಾಕೇನ್ರಪ್ಪ ಅವ್ರು ಇಳ್ದಿದ್ದು?" ಅಂದರು. ಅಷ್ಟೆ.

ನಾನು ಮುದ್ದೆ ತೊಳಸಿದೆ. ಎಲ್ಲರ ಮುಂದೆ ಮೊದಲ ತುತ್ತು ಅವರೇ ನುಂಗಿದರು. ಆಮೇಲೆ ನನ್ನ ಮಗಳನ್ನು ತೊಡೆಗೆ ಎಳೆದುಕೊಂಡು ಅವಳ ಬಾಯಿಗೆ ಇಟ್ಟರು.

ಟಾರ್ಪಾಲು ಕಿತ್ತೆವು. ಮೇಲಿನ ರಾಗಿ ಮಳೆಗೆ ಹಾಳಾಯಿತು, ಆಗಲಿ ಎಂದೆವು. ಲಾಟೀನು ಆರದೆ ಉರಿದ ದಿನ ನನ್ನ ಮೈದುನ ಇಳಿದ. ತೋಟದ ಕೂಲಿಗೆ ಕರೆ ಬರುವ ತನಕ ಆ ರಾಗಿ ಬಂತು. ಈಗ ನಾವು ಹಗೇವಿಗೆ ಹಾಕುವುದಿಲ್ಲ. ಸುಗ್ಗಿಯಲ್ಲಿ ಕೂಲಿಯ ರಾಗಿ ಬಂದಾಗ ಮನೆಗೊಂದಿಷ್ಟು ತಂದು ನನ್ನ ಮನೆಯ ಡ್ರಮ್ಮಿಗೆ ಸುರಿಯುತ್ತಾರೆ, ಯಾರೂ ಬಾಗಿಲಿಗೆ ಹೋಗಿ ಕೇಳಬೇಕಾಗಿಲ್ಲ.

ಆ ಆಷಾಢದಲ್ಲಿ ನಮ್ಮ ಕಾಲೋನಿಯ ಒಂದು ಮಗುವೂ ಹಸಿವಿಗೆ ಹೋಗಲಿಲ್ಲ. ಹೋದವರು ಅವರೊಬ್ಬರೇ. ಇಳಿಯುವ ಹಿಂದಿನ ದಿನದಿಂದ ಅವರೂ ಏನೂ ಉಂಡಿರಲಿಲ್ಲವೆಂದು ದೊಡ್ಡತ್ತೆ ಎಷ್ಟೋ ದಿನಗಳ ಮೇಲೆ ಹೇಳಿದರು.